ಬೂತಾಯಿ ಎಣ್ಣೆ ಕುಡಿದ ಫಿಯೆಟ್

ನಮ್ಮ ಕಾರಿನ ಕೆಳಗೆ ಯಾವಾಗ ಬಗ್ಗಿ ನೋಡಿದರೂ ಒಂದು ಬೆಕ್ಕು ಇದ್ದೇ ಇರುತ್ತದೆ. ನಾವು ಬೆಕ್ಕು ಸಾಕಿದವರಲ್ಲ. ಬೀದಿಯ ಬೆಕ್ಕುಗಳೇ ಪಾಳಿ ಹಾಕಿಕೊಂಡು ಬರುತ್ತವೆ. ಒಂದು ಎದ್ದು ಹೋದರೆ ಇನ್ನೊಂದು ಬಂದು ಅದೇ ಜಾಗದಲ್ಲಿ ಮಲಗಿ, ತಲೆಯ ಮೇಲಿನ ಕಬ್ಬಿಣವನ್ನು ಭಕ್ತಿಯಿಂದ ನೋಡುತ್ತ ಹೊತ್ತು ಕಳೆಯುತ್ತದೆ. ಧೈರ್ಯವಿದ್ದ ಬೆಕ್ಕುಗಳು ನೆಕ್ಕಿಯೂ ನೋಡುತ್ತವೆ. ಮೊನ್ನೆ ಕರೆಂಟು ಬಿಲ್ಲು ಕೊಡಲು ಬಂದವನು, "ಎಂತ ಟೀಚರ್, ನಿಮ್ಮ ಕಾರಿನಲ್ಲಿ ಇಲಿ ಉಂಟಾ?" ಎಂದು ಕೇಳಿದ. ಇಲಿ ಅಲ್ಲ ಮಾರಾಯ, ಬೂತಾಯಿ ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಿಕ್ಕಿಲ್ಲ. ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತು ಹಾಕಿ ಹೇಳುವುದು ನನ್ನ ಅಭ್ಯಾಸ. ವರ್ಷಗಟ್ಟಲೆ ಶಾಲೆಯಲ್ಲಿ ಕನ್ನಡ ಕಲಿಸುತ್ತ ಬಂದವಳಿಗೆ ನೇರ ಮಾತು ಎಲ್ಲಿಂದ ಬರಬೇಕು?

ಕಾರು ಫಿಯೆಟ್. ನನ್ನ ಸೋದರಮಾವ ದಾಮೋದರರದು. ಉಳ್ಳಾಲದ ಕಡಲ ಬದಿಯಲ್ಲಿ ಅವರು ಎಲ್ಲರಿಗೂ ದಾಮಣ್ಣ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ತೆಂಗಿನ ಮರ, ಒಂದು ಬಾವಿ ಮತ್ತು ಈ ಕಾರು ಇವೆ. ಮಾವ ಪ್ರಾಯದಲ್ಲಿ ದೋಣಿಯಲ್ಲಿ ಹೋದವರು, ಆಮೇಲೆ ಪಾಲಿನಲ್ಲಿ ಬೋಟು ಮಾಡಿದವರು, ಆಮೇಲೆ ಮೀನಿನ ವ್ಯಾಪಾರಕ್ಕೆ ಇಳಿದವರು. ವ್ಯಾಪಾರಕ್ಕೆಂದೇ ಈ ಕಾರನ್ನು ಮುಂಬಯಿಯಿಂದ ತರಿಸಿದರು. ತಂದ ದಿನವೇ ಹಿಂದಿನ ಸೀಟು ಬಿಚ್ಚಿ ಅಟ್ಟಕ್ಕೆ ಹಾಕಿ, ಆ ಜಾಗದಲ್ಲಿ ಸಿಗಡಿಯ ಬುಟ್ಟಿಗಳನ್ನು ಕೂರಿಸಿದರು. ಸೀಟು ಅಟ್ಟದಿಂದ ಇಳಿಯುತ್ತಿದ್ದುದು ಮದುವೆಗಳಿಗೆ ಮಾತ್ರ. ನನ್ನ ಮದುವೆಗೂ ಇಳಿಯಿತು. ತಲೆ ತುಂಬ ಮಲ್ಲಿಗೆ ಮುಡಿದು, ಜರಿ ಸೀರೆ ಉಟ್ಟು ನಾನು ಆ ಸೀಟಿನಲ್ಲಿ ಕೂತು ಛತ್ರಕ್ಕೆ ಹೋದೆ. ಮಲ್ಲಿಗೆ ಸೋತಿತು, ಸಿಗಡಿ ಗೆದ್ದಿತು. ಮದುಮಗಳು ಬಂದಳು ಎಂದು ತನಗೆ ಯಾರೂ ಬಂದು ಹೇಳಬೇಕಾಗಲಿಲ್ಲ ಎಂದು ನಮ್ಮವರು ಈಗಲೂ ನೆಂಟರ ಎದುರು ಹೇಳಿ ನಗುತ್ತಾರೆ.

ಮಾವನಿಗೆ ಕಾರು ಎಂದರೆ ನೆಲದ ಮೇಲೆ ಓಡುವ ದೋಣಿ. ಮಳೆಗಾಲದಲ್ಲಿ ಕಡಲಿಗೆ ಇಳಿಯುವುದು ನಿಂತಾಗ ದೋಣಿಗಳನ್ನು ಮೇಲಕ್ಕೆಳೆದು ಬಣ್ಣ ಹಚ್ಚುತ್ತಾರಷ್ಟೆ. ಮಿಕ್ಕಿದ ಬಣ್ಣವೆಲ್ಲ ಕಾರಿಗೆ ಬರುತ್ತಿತ್ತು. ಅದೂ ಬ್ರಷ್ಷಿನಲ್ಲಿ. ಮೈಯೆಲ್ಲ ನೀಲಿ, ಸೊಂಟದಲ್ಲಿ ಒಂದು ಕೆಂಪು ಪಟ್ಟಿ. ವರ್ಷದ ಮೇಲೆ ವರ್ಷ ಬಣ್ಣ ಕೂತು ಕೂತು ಕಾರು ಸ್ವಲ್ಪ ದಪ್ಪಗಾಗಿದೆ ಎಂದು ನನ್ನ ಗುಮಾನಿ. ಇನ್ನು ಎಣ್ಣೆಯ ವಿಷಯ. ಮರದ ದೋಣಿ ಉಪ್ಪುನೀರಿಗೆ ಕೊಳೆಯಬಾರದೆಂದು ನಮ್ಮಲ್ಲಿ ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಿದ್ದರು. ಮರಕ್ಕೆ ಹಿಡಿಸಿದ್ದು ಕಬ್ಬಿಣಕ್ಕೂ ಹಿಡಿಸುತ್ತದೆ ಎಂದು ಮಾವ ತೀರ್ಮಾನಿಸಿದರು. ಪ್ರತಿ ವರ್ಷ ಮಳೆ ಶುರುವಾಗುವ ಮೊದಲು ಕಾರಿನ ಕೆಳಗೆ ಅಂಗಾತ ಮಲಗಿ, ತೆಂಗಿನ ನಾರಿನಲ್ಲಿ ಅದ್ದಿ ಅದ್ದಿ, ಮಗುವಿಗೆ ಎಣ್ಣೆ ತಿಕ್ಕುವಷ್ಟು ಪ್ರೀತಿಯಿಂದ ತಿಕ್ಕುತ್ತಿದ್ದರು. ಕಡಲ ಗಾಳಿಗೆ ಊರಿನ ಎಷ್ಟೋ ಕಾರುಗಳ ತಳ ಹಪ್ಪಳದ ಹಾಗೆ ಪುಡಿಯಾಯಿತು. ನಮ್ಮದಕ್ಕೆ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದರೆ ತುಕ್ಕು ಹಿಡಿಯಲಿಲ್ಲ ಎಂದಷ್ಟೇ. ಬಿಸಿಲೇರಿದ ಮೇಲೆ ಅದರ ಹತ್ತಿರ ನಿಂತವರ ಪಾಡನ್ನು ನಾನು ಬರೆಯುವುದಿಲ್ಲ.

ನಮ್ಮಲ್ಲಿ ಹಿಂದಿನಿಂದಲೂ ಮನೆ, ಆಸ್ತಿ ಹೋಗುವುದು ಅಕ್ಕತಂಗಿಯರ ಮಕ್ಕಳ ಕಡೆಗೆ. ಕಾನೂನು ಬದಲಾಗಿದೆ, ಮಾವ ಬದಲಾಗಿಲ್ಲ. ಕಾರು ನಮ್ಮ ವಾರಿಜನಿಗೆ ಎಂದು ಬಹಳ ಹಿಂದೆಯೇ ಸಾರಿಬಿಟ್ಟರು. ವಾರಿಜ ಎಂದರೆ ನಾನೇ. ಮಾವನ ಸ್ವಂತ ಮಕ್ಕಳು ಇದನ್ನು ಕೇಳಿ ಬಹಳ ಸಂತೋಷಪಟ್ಟರು.

ಈ ಫಿಯೆಟ್ಟಿನ ಗೇರು ಈಗಿನ ಕಾರುಗಳಂತೆ ನೆಲದಲ್ಲಿಲ್ಲ. ಸ್ಟಿಯರಿಂಗಿನ ಬುಡದಿಂದ ಎಡಕ್ಕೆ ಚಾಚಿಕೊಂಡ ಒಂದು ಕೋಲು ಅದು. ಮುಂದಿನ ಸೀಟು ಒಂದೇ ಉದ್ದದ ಬೆಂಚು. ನಾನು ಚಿಕ್ಕವಳಿದ್ದಾಗ ರಜೆಯ ದಿನಗಳಲ್ಲಿ ಮಾವ ಪೇಟೆಗೆ ಮೀನು ಒಯ್ಯುವಾಗ ಆ ಬೆಂಚಿನ ಎಡಗಡೆ ನಾನು. ಮಾವನ ಎಡಗೈಗೆ ಯಾವಾಗಲೂ ಬೇರೆ ಕೆಲಸವಿರುತ್ತಿತ್ತು: ಬೀಡಿ, ನೆಲಗಡಲೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ಕೈ ಬೀಸುವುದು. "ಎರಡು" ಎನ್ನುತ್ತಿದ್ದರು, ಅವರು ಕ್ಲಚ್ಚು ಒತ್ತುತ್ತಿದ್ದ ಹಾಗೆ ನಾನು ನನ್ನ ಬಲಗೈಯಿಂದ ಕೋಲನ್ನು ಎರಡಕ್ಕೆ ಹಾಕುತ್ತಿದ್ದೆ. "ಮೂರು" ಎಂದರೆ ಮೂರು. ಕಾರು ಓಡಿಸುವುದೆಂದರೆ ಇಬ್ಬರು ಮಾಡುವ ಕೆಲಸ ಎಂದೇ ನಾನು ಬಹಳ ಕಾಲ ನಂಬಿದ್ದೆ. ಬೇರೆಯವರು ಒಬ್ಬೊಬ್ಬರೇ ಕಾರಿನಲ್ಲಿ ಹೋಗುವುದನ್ನು ಕಂಡರೆ ಪಾಪ ಎನಿಸುತ್ತಿತ್ತು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಾವನಿಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಬೇಗ ಆಸ್ಪತ್ರೆಗೆ ಹೋದದ್ದರಿಂದ ಜೀವ ಉಳಿಯಿತು, ಕಾಲು ಸರಿಯಾಯಿತು, ಮಾತು ಎಲ್ಲಕ್ಕಿಂತ ಮೊದಲು ಮರಳಿತು. ಬಲಗೈ ಮಾತ್ರ ಮರಳಲಿಲ್ಲ. ಬೆರಳುಗಳು ಮುಚ್ಚುತ್ತಿದ್ದವು, ಹಿಡಿಯುತ್ತಿರಲಿಲ್ಲ. ಹಿಸುಕಲು ಒಂದು ಮೆತ್ತಗಿನ ಚೆಂಡು ಕೊಟ್ಟ ಡಾಕ್ಟರು, "ಕೈಗೆ ಕೆಲಸ ಕೊಡ್ತಾ ಇರಿ. ಈಗ ಸುಮ್ಮನೆ ಬಿಟ್ರೆ ಮತ್ತೆ ಅದು ಕೆಲಸವನ್ನೇ ಮರೀತದೆ" ಎಂದರು. ಮಾವ ಮನೆಗೆ ಬಂದು ಚೆಂಡನ್ನು ಎಡಗೈಯಿಂದ ಅಂಗಳಕ್ಕೆ ಎಸೆದರು. "ಬಲೆ ಎಳೆದ ಕೈ ಇದು. ಚೆಂಡು ಆಡ್ಲಿಕ್ಕೆ ನಾನೆಂತ ಬಾಲವಾಡಿಗೆ ಹೋಗ್ತೇನಾ?" ಎಂದರು.

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ ಸಂಗತಿ ನಡೆದದ್ದು ಊಟಕ್ಕೆ ಕೂತಾಗ. ಮೀನು ತಿನ್ನುವ ಮನೆಗಳಲ್ಲಿ ಒಂದು ಅಲಿಖಿತ ಕಟ್ಟಳೆಯಿದೆ. ಬೂತಾಯಿಯ ಮುಳ್ಳನ್ನು ತಾನೇ ತೆಗೆದು ತಿನ್ನಲು ಬಂದ ದಿನ ಮಗು ದೊಡ್ಡದಾಯಿತು ಎಂದು ಲೆಕ್ಕ. ಅಲ್ಲಿಂದ ಮುಂದೆ ಯಾರೂ ಅದರ ಬಟ್ಟಲಿಗೆ ಕೈ ಹಾಕುವುದಿಲ್ಲ. ಆಸ್ಪತ್ರೆಯಿಂದ ಬಂದ ದಿನ ಕಲ್ಯಾಣಿ ಅತ್ತೆ, ಅಂದರೆ ಮಾವನ ಹೆಂಡತಿ, ಪ್ರೀತಿಯಿಂದ ಮುಳ್ಳನ್ನೆಲ್ಲ ಆರಿಸಿ, ಬರೀ ಮಾಂಸವನ್ನು ಅನ್ನದ ಮೇಲಿಟ್ಟು, ಪಕ್ಕಕ್ಕೊಂದು ಚಮಚ ಇಟ್ಟರು. ಮಾವ ಬಟ್ಟಲನ್ನು ನೋಡಿದರು, ಚಮಚವನ್ನು ನೋಡಿದರು, ಎದ್ದರು. ಅವತ್ತಿನಿಂದ ಮೀನು ಬಿಟ್ಟರು. ಕೇಳಿದರೆ ಈಗಿನ ಮೀನಿಗೆ ರುಚಿಯೇ ಇಲ್ಲ ಎನ್ನುತ್ತಿದ್ದರು. ಚಮಚದಲ್ಲಿ ಗಂಜಿ, ಒಂದು ಚೂರು ಉಪ್ಪಿನಕಾಯಿ. ಅತ್ತೆಯೂ ಮೀನಿನ ಮಡಕೆಯನ್ನು ತೊಳೆದು ಕವುಚಿ ಹಾಕಿದರು. ಕಡಲಿನ ಎದುರಿನ ಆ ಮನೆಯಲ್ಲಿ ಮೀನಿನ ಸಾರಿನ ಪರಿಮಳ ನಿಂತೇಹೋಯಿತು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಸ್ಟ್ರೋಕಿಗೆ ಅಷ್ಟು ಹೆದರಿರಲಿಲ್ಲ.

ಚೆಂಡಿನ ಜಾಗಕ್ಕೆ ಗೇರಿನ ಕೋಲು ಬಂದದ್ದು ನನ್ನ ಬುದ್ಧಿವಂತಿಕೆಯಿಂದ ಎಂದು ಅತ್ತೆ ಎಲ್ಲರಿಗೂ ಹೇಳುತ್ತಾರೆ. ಹಾಗೇನಿಲ್ಲ, ಅದು ಬಂದದ್ದು ನನ್ನ ದಡ್ಡತನದಿಂದ. ಬ್ಯಾಟರಿ ಸತ್ತುಹೋಗದಿರಲಿ ಎಂದು ಒಂದು ದಿನ ಕಾರನ್ನು ಸ್ಟಾರ್ಟ್ ಮಾಡಿ ಅಂಗಳದಲ್ಲೇ ನಾಲ್ಕು ಮಾರು ಓಡಿಸಲು ಹೊರಟೆ. ನಾನು ದಿನಾ ಓಡಿಸುವುದು ಗೇರಿಲ್ಲದ ಸ್ಕೂಟರು. ಫಿಯೆಟ್ಟಿನ ಗೇರು ನನ್ನ ಬಲಗೈಗೆ ಬಾಯಿಪಾಠ, ಎಡಗೈಗೆ ಅಕ್ಷರವೂ ಗೊತ್ತಿಲ್ಲ. ಕೋಲನ್ನು ಎತ್ತಲೋ ಎಳೆದೆ. ಗೇರ್‌ಬಾಕ್ಸಿನಿಂದ ಹೊರಟ ಆ ಕಿರುಚಾಟ ಕೇಳಿ ಕೆಳಗಿದ್ದ ಬೆಕ್ಕು ಓಡಿತು, ಚಾವಡಿಯಲ್ಲಿ ಕೂತಿದ್ದ ಮಾವ ಓಡಿ ಬಂದರು. ಅಷ್ಟು ದಿನ ಅವರು ಅಷ್ಟು ಬೇಗ ನಡೆದದ್ದೇ ಇಲ್ಲ.

"ಕೊಲ್ತೀಯಾ ಅದನ್ನು? ಬಿಡು, ಕೈ ತೆಗಿ!" ಎಂದರು. ನಮ್ಮ ಮಾತೆಲ್ಲ ತುಳುವಿನಲ್ಲೇ. ನಿಮಗಾಗಿ ಕನ್ನಡ ಮಾಡಿದ್ದೇನೆ, ತುಳುವಿನಲ್ಲಿ ಇದರ ಖಾರ ಇನ್ನೂ ಹೆಚ್ಚು.

"ನನಗೆ ಆ ಬದಿಯಿಂದ ಮಾತ್ರ ಬರ್ತದೆ ಮಾಮ, ಈ ಬದಿಯಿಂದ ಬರುದಿಲ್ಲ" ಎಂದೆ.

ಮಾವ ಎಡಗಡೆಯ ಬಾಗಿಲು ತೆಗೆದು ಬೆಂಚಿನ ಮೇಲೆ ಕೂತರು. ನಾನು ಮೊದಲು ಕೂರುತ್ತಿದ್ದ ಜಾಗ ಅದು. ಬಲಗೈಯನ್ನು ಎತ್ತಿ, ಸಾಮಾನು ಇಡುವ ಹಾಗೆ, ಕೋಲಿನ ಮೇಲಿಟ್ಟರು. "ಕ್ಲಚ್ಚು ಒತ್ತು" ಎಂದರು. ಒತ್ತಿದೆ. ಬೆರಳುಗಳು ಹಿಡಿಯಲಿಲ್ಲ. ಅಂಗೈಯ ಬುಡದಿಂದ ದೂಡಿದರು. ಒಂದನೇ ಗೇರು ಸದ್ದಿಲ್ಲದೆ ಬಿತ್ತು. ಆಮೇಲೆ ದಿನಾ ಸಂಜೆ ಶಾಲೆ ಬಿಟ್ಟು ಬಂದ ಮೇಲೆ ಕಡಲ ಬದಿಯ ರಸ್ತೆಯಲ್ಲಿ ನಮ್ಮ ಸವಾರಿ. ನಾನು "ಎರಡು" ಎನ್ನುತ್ತಿದ್ದೆ, ಅವರು ಹಾಕುತ್ತಿದ್ದರು. ದೂಡುತ್ತಿದ್ದ ಕೈ ನಿಧಾನವಾಗಿ ಬೆರಳು ಸುತ್ತಿ ಹಿಡಿಯಲು ಶುರುಮಾಡಿತು. ಆದರೆ ಮೀನು ಮಾತ್ರ ಇನ್ನೂ ಮುಟ್ಟಿರಲಿಲ್ಲ.

ಹೀಗಿರುವಾಗ ಹಮೀದಾಕ ಬಂದರು. ಗಲ್ಫಿನಲ್ಲಿ ಬಹಳ ವರ್ಷ ದುಡಿದು ಬಂದು ತೊಕ್ಕೊಟ್ಟಿನಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿ ಇಟ್ಟವರು. ಒಂದು ಹಳೆಯ ಜೀಪನ್ನು ಹೆಂಡತಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಅವರ ಹೆಂಡತಿಯೇ ಹೇಳುತ್ತಾರೆ. ಹಳೆಯ ಕಾರುಗಳ ಒಂದು ಕ್ಲಬ್ಬಿಗೂ ಸೇರಿದ್ದಾರೆ.

"ದಾಮಣ್ಣ, ಬರುವ ಆದಿತ್ಯವಾರ ವಾಮಂಜೂರಿನಲ್ಲಿ ನಮ್ಮ ಕ್ಲಬ್ಬಿನ ರ್‍ಯಾಲಿ ಉಂಟು. ಕಾಲೇಜಿನ ಮೈದಾನದಲ್ಲಿ. ನಿಮ್ಮ ಫಿಯೆಟ್ ತರ್ಬೇಕು."

"ತಂದು ಎಂತ ಮಾಡುದು?"

"ತೋರಿಸುದು."

"ಯಾರಿಗೆ?"

"ಜನರಿಗೆ."

"ಜನ ಇಲ್ಲಿ ದಿನಾ ನೋಡ್ತಾರಲ್ಲ ಮಾರಾಯ. ಅದಕ್ಕೆ ವಾಮಂಜೂರಿಗೆ ಯಾಕೆ ಹೋಗ್ಬೇಕು?"

ಹಮೀದಾಕ ಬಿಡಲಿಲ್ಲ. ಮಾವ ಕೊನೆಗೆ ನನ್ನ ಕಡೆ ತಿರುಗಿ, "ಗೇರು ಯಾರು ಹಾಕುದು?" ಎಂದರು. "ನೀವೇ" ಎಂದೆ. ಅವರು ಬಲಗೈಯನ್ನು ಮಡಿಲಿನಲ್ಲಿಟ್ಟು ಸ್ವಲ್ಪ ಹೊತ್ತು ನೋಡಿಕೊಂಡು, "ಹಾಗಾದ್ರೆ ರಿವರ್ಸ್ ಬೇಡ" ಎಂದರು.

ಫಿಯೆಟ್ಟಿನ ರಿವರ್ಸ್ ಗೇರು ಉಳಿದವುಗಳಂತಲ್ಲ. ಕೋಲನ್ನು ಬಲವಾಗಿ ಒತ್ತಿ, ಒತ್ತಿದ್ದನ್ನು ಬಿಡದೆ ಹಿಡಿದುಕೊಂಡೇ ತಿರುಗಿಸಬೇಕು. ಹಿಡಿತವಿಲ್ಲದ ಕೈಗೆ ಆಗುವ ಕೆಲಸವಲ್ಲ. ಅಷ್ಟು ದಿನ ಅಂಗಳದಲ್ಲಿ ನಮ್ಮವರು ಕಾರನ್ನು ದೂಡಿ ತಿರುಗಿಸಿ ಕೊಡುತ್ತಿದ್ದುದರಿಂದ ಅದರ ಅಗತ್ಯವೇ ಬಿದ್ದಿರಲಿಲ್ಲ. ಅದೊಂದನ್ನು ನಾನೇ ಹಾಕುತ್ತೇನೆ ಎಂದರೆ ಮಾವ ಒಪ್ಪಲಿಲ್ಲ. "ಒಂದು ಕಾರಿಗೆ ಇಬ್ಬರು ಗೇರು ಹಾಕಿದ್ರೆ ಅದು ಯಾರ ಮಾತು ಕೇಳುದು?" ಎಂದರು. ಹೀಗೆ, ಉಳ್ಳಾಲದಿಂದ ವಾಮಂಜೂರಿಗೆ ಹಿಂದಕ್ಕೆ ಒಂದಡಿಯೂ ಹೋಗದೆ ತಲುಪುವ ಪ್ರಯಾಣವೊಂದು ತಯಾರಾಯಿತು. ಹೆಚ್ಚೇನೂ ದೂರವಿಲ್ಲ, ನೀವಾದರೆ ಒಂದು ಸಿನಿಮಾ ನೋಡುವಷ್ಟರಲ್ಲಿ ಹೋಗಿ ಬಂದುಬಿಡುತ್ತೀರಿ. ನಾವು ಕಾಶಿಗೆ ಹೊರಟವರಂತೆ ಹೊರಟೆವು. ಹಿಂದಿನ ದಿನವೇ ನಮ್ಮವರೂ ಪಕ್ಕದ ಮನೆಯವರೂ ಸೇರಿ ಕಾರನ್ನು ದೂಡಿ ರಸ್ತೆಗೆ ಮುಖ ಮಾಡಿ ನಿಲ್ಲಿಸಿದರು. ಅಟ್ಟದಿಂದ ಹಿಂದಿನ ಸೀಟು ಇಳಿಯಿತು. ಬೆಳಿಗ್ಗೆ ಅತ್ತೆ ಬಾನೆಟ್ಟಿಗೆ ಹೂ ಇಟ್ಟು, ಚಕ್ರದ ಬುಡದಲ್ಲಿ ತೆಂಗಿನಕಾಯಿ ಒಡೆದು, ಡಬ್ಬಿ ತುಂಬ ಮೂಡೆ ಇಡ್ಲಿ ಕಟ್ಟಿಕೊಂಡು ಹಿಂದೆ ಕೂತರು. ಅತ್ತೆ ಬಂದದ್ದು ರ್‍ಯಾಲಿ ನೋಡಲಿಕ್ಕಲ್ಲ. ನಮ್ಮಿಬ್ಬರ ಮೇಲೆ ಅವರಿಗೆ ಕವಡೆಯಷ್ಟೂ ನಂಬಿಕೆ ಇರಲಿಲ್ಲ. ನಮ್ಮ ಹಿಂದೆ ಕಾವಲಿಗೆ ಹಮೀದಾಕನ ಜೀಪು.

ನೇತ್ರಾವತಿ ಸೇತುವೆಯ ಮೇಲೆ ಮಾವ ಮೂರರಿಂದ ಎರಡಕ್ಕೆ ಇಳಿಸಿದರು. ನಾನು ಹೇಳಿರಲಿಲ್ಲ.

"ಯಾಕೆ ಮಾಮ?"

"ನೀರು ನೋಡ್ಬೇಕು."

ಆಸ್ಪತ್ರೆಯಿಂದ ಬಂದ ಮೇಲೆ ಅವರು ಹೊಳೆ ದಾಟಿದ್ದೇ ಅವತ್ತು. ಹಿಂದಿನ ಬಸ್ಸು ಹಾರ್ನು ಹೊಡೆದು ಹೊಡೆದು ಸುಸ್ತಾಗಿ ಪಕ್ಕದಿಂದ ಹಾದುಹೋಯಿತು. ಮಾವ ಹೊಳೆ ಕಡಲು ಸೇರುವ ಅಳಿವೆಯ ಕಡೆ ನೋಡುತ್ತ, ನೀರಿನ ಬಣ್ಣ ನೋಡಿ ಇವತ್ತು ಯಾವ ಮೀನು ಸಿಕ್ಕೀತು ಎಂದು ಹೇಳುತ್ತ ಹೋದರು. ಅತ್ತೆ ಹಿಂದಿನಿಂದ, "ಸಿಕ್ಕಿದ್ರೆ ಇವರಿಗೆ ಎಂತ ಪ್ರಯೋಜನ" ಎಂದು ಕಿಟಕಿಗೆ ಹೇಳಿದರು.

ಪಂಪ್‌ವೆಲ್ಲಿನ ವೃತ್ತದಲ್ಲಿ ಕಂಕನಾಡಿಗೆ ತಿರುಗುವುದು ನನಗೆ ತಪ್ಪಿತು. ಹಿಂದಕ್ಕೆ ಬರುವಂತಿಲ್ಲ, ಸರಿ, ಮತ್ತೊಂದು ಸುತ್ತು. ಎರಡನೇ ಸಲ ತಿರುಗುವಷ್ಟರಲ್ಲಿ ಒಂದು ಲಾರಿ ಅಡ್ಡ ಬಂತು, ಮತ್ತೊಂದು ಸುತ್ತು. ಆಮೇಲಿನದ್ದನ್ನು ಕೇಳಬೇಡಿ. ಯಾಕೆ ಸುತ್ತುತ್ತಿದ್ದೇವೆಂದು ಗೊತ್ತಿಲ್ಲದ ಹಮೀದಾಕ ಕೂಡ ಜೀಪಿನಲ್ಲಿ ನಮ್ಮ ಹಿಂದೆಯೇ ಸುತ್ತುತ್ತಿದ್ದರು. ಟ್ರಾಫಿಕ್ ಪೊಲೀಸರು ಮೊದಲು ಗಂಭೀರವಾಗಿ ನೋಡಿದರು, ಕೊನೆಗೆ ಅವರೇ ಉಳಿದ ಗಾಡಿಗಳನ್ನು ತಡೆದು, ನೀಲಿ ಕಾರಿಗೆ ಕೈ ಮುಗಿದು ದಾರಿ ಬಿಟ್ಟರು.

ಕಂಕನಾಡಿಯ ಏರಿನಲ್ಲಿ ಎರಡರಿಂದ ಒಂದಕ್ಕೆ ಇಳಿಸಬೇಕಾಯಿತು. "ಒಂದು" ಎಂದೆ. ಕೈ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಕಾರು ನಿಂತಿತು. ನಾನು ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕಿನ ಮೇಲೆ ನಿಂತೇ ಬಿಟ್ಟೆ ಎನ್ನಬೇಕು. ಹಿಂದೆ ಸಿಟಿ ಬಸ್ಸು. ಕಂಡಕ್ಟರ್ ಬಾಗಿಲಿನಿಂದ ತಲೆ ಹಾಕಿ, "ಎಂತ ಅಕ್ಕ, ಮದುವೆ ದಿಬ್ಬಣವಾ?" ಎಂದ. ಹಮೀದಾಕ ಜೀಪಿನಿಂದ ಇಳಿದು ರಸ್ತೆಯ ನಡುವೆ ಎರಡೂ ಕೈ ಅಗಲಿಸಿ ನಿಂತರು. ಮಾವನ ಹಣೆಯಲ್ಲಿ ಬೆವರು. ನನ್ನ ಎಡಗೈ ಕೋಲಿನ ಕಡೆ ಹೋಗಲು ಹವಣಿಸುತ್ತಿತ್ತು; ಅದನ್ನು ಸ್ಟಿಯರಿಂಗಿಗೆ ಕಟ್ಟಿಹಾಕಿದ ಹಾಗೆ ಬಿಗಿಯಾಗಿ ಇಟ್ಟುಕೊಂಡೆ. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಟೀಚರುಗಳಿಗೆ ಅದರ ಅಭ್ಯಾಸವಿರುವುದಿಲ್ಲ. ಮೂರನೇ ಸಲಕ್ಕೆ ಗೇರು ಬಿತ್ತು. ಬಸ್ಸಿನೊಳಗೆ ಯಾರೋ ಚಪ್ಪಾಳೆ ತಟ್ಟಿದರು.

ಬಲ್ಮಠದಲ್ಲಿ ಚಾ ಕುಡಿಯಬೇಕೆಂದು ಮಾವನಿಗೆ ಆಸೆಯಾಯಿತು. ಆದರೆ ನಿಲ್ಲಿಸುವುದೆಲ್ಲಿ? ನಮಗೆ ಬೇಕಾದದ್ದು ಮುಂದಿನಿಂದ ಒಳಹೋಗಿ ಮುಂದಿನಿಂದಲೇ ಹೊರಬರುವ ಜಾಗ. ಎರಡು ಗೇಟುಗಳಿದ್ದ ಒಂದು ಚರ್ಚಿನ ಅಂಗಳ ಸಿಕ್ಕಿತು. ಬೆಳಗಿನ ಪೂಜೆ ಮುಗಿದು ಜನ ಹೊರಬರುತ್ತಿದ್ದರು. ಬಿಳಿ ಕೂದಲಿನ ಒಬ್ಬ ಹೆಂಗಸು ನಮ್ಮ ಕಾರಿನ ಹತ್ತಿರ ಬಂದವರು ನಿಂತು, ಮೂಗು ಅರಳಿಸಿ, ಒಳಗೆ ಇಣುಕಿದರು.

"ಇದು ಸಿಗಡಿ ದಾಮಣ್ಣನ ಕಾರಲ್ವಾ?"

"ಹೌದು ಬಾಯಮ್ಮ" ಎಂದರು ಮಾವ, ಮುಖ ಅರಳಿಸಿ. ಆ ಬೀದಿಯ ಮನೆಗಳಿಗೆಲ್ಲ ಒಂದು ಕಾಲದಲ್ಲಿ ಮೀನು ಕೊಡುತ್ತಿದ್ದವರು ಅವರೇ.

"ಎಲ್ಲಿ ಹೋಗಿದ್ದೆ ಇಷ್ಟು ವರ್ಷ? ನಿನ್ನ ಹಾಗೆ ಸಿಗಡಿ ಯಾರೂ ತರುದಿಲ್ಲ ಈಗ" ಎಂದು ಅವರು ಸಂತೋಷದಿಂದ ಕಿಟಕಿಯೊಳಗೆ ಕೈ ನೀಡಿದರು. ಮಾವನ ಬಲಗೈ ಕೋಲಿನ ಮೇಲಿತ್ತು. ಒಂದು ಕ್ಷಣ ಅದು ಅಲುಗಿತು. ಆಮೇಲೆ ಅವರು ಎಡಗೈಯನ್ನು ಕೊಟ್ಟರು. ಬಾಯಮ್ಮನಿಗೇನೂ ಗೊತ್ತಾಗಲಿಲ್ಲ, ಆ ಕೈಯನ್ನೇ ಎರಡೂ ಕೈಯಲ್ಲಿ ಹಿಡಿದು ಕುಲುಕಿ ಹೋದರು. ಮಾವ ಚಾ ಬೇಡ ಎಂದರು. ಮುಂದೆ ನಂತೂರು ದಾಟಿ ಕುಲಶೇಖರ ಬರುವವರೆಗೂ "ಎರಡು", "ಮೂರು" ಎಂಬ ನನ್ನ ಮಾತಿನ ಹೊರತು ಕಾರಿನೊಳಗೆ ಬೇರೆ ಮಾತಿರಲಿಲ್ಲ. ಯಾಕಾದರೂ ಹೊರಟೆವೋ ಎನಿಸಿತು ನನಗೆ.

ವಾಮಂಜೂರಿನಲ್ಲಿ ಮನೆಗಳ ನಡುವೆ ಉಳಿದುಕೊಂಡ ಒಂದೆರಡು ಗದ್ದೆ ಕಂಡ ಮೇಲೆ ಮೈದಾನ. ಒಳಗೆ ಹೋದರೆ ಕಣ್ಣು ಕುಕ್ಕುವಷ್ಟು ಹೊಳಪು. ಮುಖ ನೋಡಿ ತಲೆ ಬಾಚಿಕೊಳ್ಳಬಹುದಾದ ಕಾರುಗಳು. ಯಜಮಾನರು ಮೆತ್ತಗಿನ ಬಟ್ಟೆ ಹಿಡಿದು ಇಲ್ಲದ ಧೂಳನ್ನು ಒರೆಸುತ್ತಿದ್ದರು. ನಮ್ಮ ನೀಲಿ ಫಿಯೆಟ್ ಬ್ರಷ್ಷಿನ ಗೀರುಗಳ ಸಮೇತ ಅವುಗಳ ನಡುವೆ ಬಂದಾಗ, ಮದುವೆಮನೆಗೆ ಲುಂಗಿಯಲ್ಲಿ ಬಂದ ನೆಂಟನನ್ನು ನೋಡುವ ಹಾಗೆ ಎಲ್ಲರೂ ನೋಡಿದರು. ಟೋಪಿ ಹಾಕಿದ ಒಬ್ಬಳು ಕಾಲೇಜು ಹುಡುಗಿ ಎರಡು ಕಾರುಗಳ ನಡುವಿನ ಖಾಲಿ ಜಾಗ ತೋರಿಸಿ, "ರಿವರ್ಸ್ ಹಾಕಿ ನಿಲ್ಲಿಸಿ ಮೇಡಂ" ಎಂದಳು.

"ಮುಂದಿನಿಂದ ಹಾಕಿದ್ರೆ ಆಗುದಿಲ್ವಾ?" ಎಂದು ಕೇಳಿದೆ.

"ಇಲ್ಲ ಮೇಡಂ, ಎಲ್ಲ ಕಾರಿನ ಮುಖ ಈ ಕಡೆಗೇ ಬೇಕು."

ಹಮೀದಾಕ ಓಡಿ ಬಂದು, "ನಾವು ದೂಡ್ತೇವೆ ದಾಮಣ್ಣ, ನೀವು ಸುಮ್ನೆ ಕೂತ್ಕೊಳ್ಳಿ" ಎಂದರು. ಸುತ್ತಲಿನವರು ತಿರುಗಿ ನೋಡುತ್ತಿದ್ದರು. ಅತ್ತೆ ಹಿಂದೆ ದೇವರ ಹೆಸರು ಹೇಳತೊಡಗಿದರು. ಮಾವ ಬಲಗೈಯನ್ನು ಕೋಲಿಗೆ ಸುತ್ತಿದರು. ಒತ್ತಿದರು, ಬೆರಳು ಬಿಟ್ಟುಕೊಂಡಿತು. ಮತ್ತೆ ಸುತ್ತಿದರು. ಈ ಸಲ ಎಡಗೈಯನ್ನು ತಂದು ಬಲಗೈಯ ಮೇಲೆ ಇಟ್ಟು, ಎರಡನ್ನೂ ಕೂಡಿಸಿ ಒತ್ತಿದರು. ಕಡಲ ಉಬ್ಬರದಲ್ಲಿ ದೋಣಿ ತಿರುಗಿಸುವಾಗ ಅವರು ಹಲ್ಲು ಕಚ್ಚುತ್ತಿದ್ದ ರೀತಿ ನನಗೆ ಗೊತ್ತು, ಹಾಗೆಯೇ ಕಚ್ಚಿದ್ದರು. ಗೇರು ಬಿತ್ತು.

"ಬಿಡು ಕ್ಲಚ್ಚು" ಎಂದರು.

ನಾನು ಬಿಟ್ಟೆ. ಕಾರು ಹಿಂದಕ್ಕೆ ಹೋಯಿತು. ನಾನು ಕಣ್ಣು ಒರೆಸಿಕೊಳ್ಳುತ್ತಿದ್ದರಿಂದ ಅದು ಸ್ವಲ್ಪ ಓರೆಯಾಗಿ ನಿಂತಿತು, ಅಷ್ಟೆ.

ಕಾರುಗಳನ್ನು ಪರೀಕ್ಷಿಸುವ ದೊಡ್ಡ ಮೀಸೆಯ ಹಿರಿಯರೊಬ್ಬರು ಟಾರ್ಚು ಹಿಡಿದು ಬಂದರು. ಬಣ್ಣವನ್ನು ಉಗುರಿನಿಂದ ಮುಟ್ಟಿ ನಿಟ್ಟುಸಿರು ಬಿಟ್ಟರು. "ಒರಿಜಿನಲ್ ಬಣ್ಣ ಎಲ್ಲಿ ಹೋಯ್ತು?" ಎಂದು ಕೇಳಿದರು.

"ಎಲ್ಲವೂ ಒರಿಜಿನಲ್ಲೇ" ಎಂದರು ಮಾವ. "ಒಂದರ ಮೇಲೆ ಒಂದು ಉಂಟು, ಅಷ್ಟೆ."

ಆಮೇಲೆ ಅವರು ಕಾರಿನ ಕೆಳಗೆ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ತುಕ್ಕು ಹುಡುಕುತ್ತಿದ್ದಾರೆ ಎಂದುಕೊಂಡೆ. ಎದ್ದು ಬಂದಾಗ ಮೂಗಿಗೆ ಕರವಸ್ತ್ರ ಇತ್ತು. ಮೈದಾನದ ಬೆಕ್ಕೊಂದು ಎಲ್ಲಿಂದಲೋ ಬಂದು ಅಷ್ಟರಲ್ಲೇ ಜಾಗ ಹಿಡಿದಿತ್ತು. "ಏನು ಹಚ್ಚಿದ್ದೀರಿ ಯಜಮಾನರೇ?" ಎಂದರು. ಮಾವ ಬೂತಾಯಿಯಿಂದ ಶುರುಮಾಡಿ, ಅದನ್ನು ಬೇಯಿಸುವ ಹಂಡೆ, ಎಣ್ಣೆ ಮೇಲೆ ಬರುವ ಹೊತ್ತು, ತೆಂಗಿನ ನಾರು ಎಲ್ಲವನ್ನೂ ವಿವರಿಸಿದರು. ಮೀಸೆಯವರು ಬಿದ್ದು ಬಿದ್ದು ನಕ್ಕರು, ತಮ್ಮ ಕಾರಿಗೆ ಇದನ್ನು ಹಚ್ಚಿದರೆ ಹೆಂಡತಿ ಮನೆಗೆ ಸೇರಿಸುವುದಿಲ್ಲ ಎಂದರು, ಮಾವನ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಬಹುಮಾನ ಕೊಡಲಿಲ್ಲ. ಕೊಡಬೇಕಾದದ್ದೂ ಇರಲಿಲ್ಲ; ನಮ್ಮ ಪಕ್ಕದಲ್ಲಿದ್ದ ಬಿಳಿ ಕಾರು ಅಷ್ಟು ಚೆಂದವಿತ್ತು.

ಮಧ್ಯಾಹ್ನ ಮೈದಾನದಲ್ಲೇ ಪಲಾವು ಕೊಡುತ್ತಿದ್ದರು. ಮಾವ ಅದನ್ನು ದೂರದಿಂದ ನೋಡಿ, "ನನಗೆ ಹಸಿವು ಉಂಟು. ಇದು ಬೇಡ" ಎಂದರು. ಹಸಿವು ಉಂಟು ಎಂಬ ಮಾತನ್ನು ಅವರ ಬಾಯಿಂದ ಕೇಳಿ ಬಹಳ ದಿನಗಳಾಗಿದ್ದವು. ಬರುವ ದಾರಿಯಲ್ಲಿ ಹಮೀದಾಕನಿಗೆ ಗೊತ್ತಿದ್ದ ಒಂದು ಸಣ್ಣ ಹೋಟೆಲಿನ ಎದುರು ಕಾರು ನಿಲ್ಲಿಸಿದೆವು. ಕಟ್ಟಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೊರಬರಬಹುದಾದ ಜಾಗ ಅದು. ಹಮೀದಾಕ ನಮಾಜಿಗೆ ಹೋಗಿ ಬರುತ್ತೇನೆಂದು ಹೋದರು. ನಾವು ಮೂವರು ಬೆಂಚಿನಲ್ಲಿ ಕೂತೆವು. ಎಂತ ಬೇಕು ಎಂದು ಕೇಳಲು ಬಂದವನ ಹತ್ತಿರ ಅತ್ತೆ ಇವರಿಗೆ ಗಂಜಿ ಎನ್ನುವಷ್ಟರಲ್ಲಿ ಮಾವ, "ಬೂತಾಯಿ ಪುಳಿಮುಂಚಿ ಉಂಟಾ?" ಎಂದು ಕೇಳಿದರು.

"ಉಂಟು."

"ಕುಚ್ಚಲಕ್ಕಿ ಅನ್ನ, ಬೂತಾಯಿ. ಚಮಚ ತರ್ಬೇಡ."

ಅತ್ತೆ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡಿದೆ. ಊಟ ಬಂತು. ಮಾವ ಬಲಗೈಯನ್ನು ಅನ್ನದಲ್ಲಿಟ್ಟರು. ಪುಳಿಮುಂಚಿಯ ಹುಳಿಖಾರದ ಕೆಂಪು ಸಾರಿನೊಂದಿಗೆ ಅನ್ನ ಕಲಸುವಾಗ ಎರಡು ಮೂರು ಅಗುಳು ಆಚೆ ಬಿದ್ದವು. ಮೀನನ್ನು ಬೆರಳಿನಿಂದ ಬಿಡಿಸಿದರು. ಉದ್ದದ ಮುಳ್ಳು ಹಿಡಿತಕ್ಕೆ ಸಿಕ್ಕಿತು, ಜಾರಿತು, ಅನ್ನದೊಳಗೆ ಹೋಯಿತು. ಹುಡುಕಿದರು. ಸಿಕ್ಕಿತು. ಸಣ್ಣ ಮುಳ್ಳುಗಳು ಸಿಗಲಿಲ್ಲ. ನಾನು ನನ್ನ ಊಟ ಮಾಡಬೇಕಿತ್ತು. ಕಂಕನಾಡಿಯ ಏರಿನಲ್ಲಿ ಅಷ್ಟು ಹೊತ್ತು ಸುಮ್ಮನಿದ್ದವಳಿಗೆ ಇಲ್ಲಿ ಇರಲಾಗಲಿಲ್ಲ. ಆ ಬೆರಳುಗಳು ಮೂರನೇ ಸಲ ತಡವರಿಸಿದ್ದನ್ನು ಕಂಡದ್ದೇ ತಡ, ನನ್ನ ಕೈ ನನ್ನನ್ನು ಕೇಳದೆ ಅವರ ಬಟ್ಟಲಿಗೆ ಹೋಯಿತು.

ಫಟ್ಟನೆ ಬಿತ್ತು ಪೆಟ್ಟು. ನನ್ನ ಮುಂಗೈ ಮೇಲೆ, ಸಾರು ಮೆತ್ತಿದ ಬಲಗೈಯಿಂದ, ಅಂಗೈ ಪೂರ್ತಿ ಬಿಚ್ಚಿ ಕೊಟ್ಟ ಪೆಟ್ಟು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ನಿನ್ನ ಬಟ್ಟಲು ನೋಡ್ಕೊ" ಎಂದರು ಮಾವ, ಮತ್ತೆ ಮುಳ್ಳು ಹುಡುಕುತ್ತ.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ನಾಲ್ಕು ಬೆರಳಿನ ಗುರುತು ಬೇರೆಬೇರೆಯಾಗಿ ಎದ್ದಿತ್ತು. ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ, ಉಸಿರು ಬಿಗಿಹಿಡಿದು, "ಜೋರು ಬಿತ್ತಾ ಮಗ?" ಎಂದು ಕೇಳಿದರು.

"ತುಂಬ ಜೋರು ಅತ್ತೆ" ಎಂದೆ. "ಉರೀತಾ ಉಂಟು."

ಅತ್ತೆ ನೆಟ್ಟಗೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಪ್ಲೇಟು ಬೂತಾಯಿ ತರಲು ಹೇಳಿದರು.